ಲೆಕ್ಕಕ್ಕೆ ಬಾರದ ಮೀನು

ಶಿವಮೊಗ್ಗದವರಿಗೆ ಸವಳಂಗ ಎಂದರೆ ಮೊದಲಿಗೆ ಒಂದು ರಸ್ತೆ. ನವುಲೆಯ ಇಂಜಿನಿಯರಿಂಗ್ ಕಾಲೇಜಿನ ಮುಂದೆ ಹಾದು ಶಿಕಾರಿಪುರದ ಕಡೆ ಹೊರಟು, ನ್ಯಾಮತಿ ತಾಲ್ಲೂಕಿಗೆ ಕಾಲಿಟ್ಟ ಮೇಲಷ್ಟೇ ಅದೊಂದು ಊರು, ಊರಿಗಿಂತ ಮೊದಲು ಅದೊಂದು ಕೆರೆ ಎಂದು ಗೊತ್ತಾಗುವುದು. ಆ ಕೆರೆಗೆ ಬಲೆ ಬಿಟ್ಟ ಒಂದು ಬೆಳಿಗ್ಗೆ ನಾನು ಬಕೆಟ್ ಹಿಡಿದು ದಡದಲ್ಲಿ ನಿಂತಿದ್ದೆ. ತಕ್ಕಡಿಗೆ ಏರುತ್ತಿದ್ದದ್ದು ಕಾಟ್ಲ, ರೋಹು, ಮೃಗಾಲ್. ನಡುನಡುವೆ ಒಂದು ಕೊರವ. ಬಲೆಯ ಕಣ್ಣಿಗೆ ಸಿಕ್ಕಿಕೊಂಡಿದ್ದ ಬೆರಳುದ್ದದ ಸಸಲು, ಉಗುರಿನಷ್ಟೇ ಅಗಲದ, ಬೆನ್ನುಮೂಳೆ ಎಣಿಸಬಹುದಾದಷ್ಟು ಪಾರದರ್ಶಕವಾದ ಗಾಜುಮೀನು, ಇವನ್ನೆಲ್ಲ ಕೊಡವಿ ಪಕ್ಕಕ್ಕೆ ಎಸೆಯುತ್ತಿದ್ದರು. ಅವು ಕೊಕ್ಕರೆಯ ಪಾಲು, ನಾಯಿಯ ಪಾಲು. ನನಗೆ ಬೇಕಾಗಿದ್ದದ್ದು ಅವೇ. "ಸಾರಿಗೂ ಆಗಲ್ಲ, ಹುರಿಯೋಕೂ ಆಗಲ್ಲ, ಏನ್ ಮಾಡ್ತೀರಿ ಇವನ್ನ?" ಎಂದು ಬಲೆ ಎಳೆಯುವವರು ಕೇಳಿದರು. ನೋಡೋಕೆ ಎಂದೆ. ಅವರು ನಕ್ಕರು. ದುಡ್ಡು ಮಾತ್ರ ತೆಗೆದುಕೊಳ್ಳಲಿಲ್ಲ.

ಆ ನಗುವಿನಲ್ಲಿ ಒಂದು ಅರ್ಥಶಾಸ್ತ್ರವಿದೆ. ಕೆರೆ ಹರಾಜಾಗುವುದು ದೊಡ್ಡ ಮೀನಿನ ಲೆಕ್ಕದಲ್ಲಿ. ಆದರೆ ಆ ದೊಡ್ಡ ಮೀನು ಕೆರೆಯದ್ದೇ ಅಲ್ಲ. ಕಾಟ್ಲ, ರೋಹು ಮೂಲದಲ್ಲಿ ಗಂಗೆಯ ಸೀಮೆಯವು; ಹರಿವ ನೀರು, ಮಳೆಗಾಲದ ನೆರೆ ಸಿಗದೆ ನಿಂತ ಕೆರೆಯಲ್ಲಿ ಮೊಟ್ಟೆ ಇಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಅದರ ನೆನಪಿಗೇ ಆ ದಿನವನ್ನು ಈಗ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ನಮ್ಮ ಕಡೆಯ ಕೆರೆಗಳಿಗೆ ಬಿ.ಆರ್. ಪ್ರಾಜೆಕ್ಟಿನಂಥ ಮೀನುಮರಿ ಕೇಂದ್ರಗಳಿಂದ ಪ್ರತಿವರ್ಷ ಮರಿ ತಂದು ಬಿಡಬೇಕು. ಸಸಲು, ಗಾಜುಮೀನು, ತಲೆಯ ಮೇಲೆ ಬೆಳ್ಳಿ ಚುಕ್ಕೆ ಹೊತ್ತು ನೀರಿನ ಮೇಲ್ಪದರದಲ್ಲೇ ತೇಲುವ ಪಂಚಾಕ್ಸ್ ಮೀನು, ಇವನ್ನು ಮಾತ್ರ ಯಾರೂ ತಂದು ಬಿಡುವುದಿಲ್ಲ. ತಾವೇ ಹುಟ್ಟುತ್ತವೆ, ತಾವೇ ಹೆಚ್ಚುತ್ತವೆ. ಟೆಂಡರಿನ ಲೆಕ್ಕಕ್ಕೆ ಬಾರದವೇ ಕೆರೆಯ ನಿಜವಾದ ನಿವಾಸಿಗಳು. ಅವು ಹೇಗೆ ಬದುಕುತ್ತವೆ, ಹೇಗೆ ಮರಿ ಮಾಡುತ್ತವೆ ಎಂದು ಕಲಕು ನೀರಿನ ಕೆರೆಯ ದಡದಲ್ಲಿ ಕೂತು ನೋಡಲಾಗದು. ಎರಡಡಿ ಉದ್ದದ ಗಾಜಿನ ತೊಟ್ಟಿ ಬೇಕು.

ತೊಟ್ಟಿ ಅಂದ ತಕ್ಷಣ ಜನ ಮೀನಿನ ಬಗ್ಗೆ ಕೇಳುತ್ತಾರೆ. ಕೇಳಬೇಕಾದದ್ದು ನೀರಿನ ಬಗ್ಗೆ.

ಸವಳಂಗ ಎರಡು ನೀರುಗಳ ನಡುವಿನ ಊರು. ಪಶ್ಚಿಮಕ್ಕೆ ಹೋದಷ್ಟೂ ಮಳೆ ಹೆಚ್ಚುತ್ತದೆ, ಹಳ್ಳದ ನೀರು ಮೆದುವಾಗುತ್ತದೆ. ಪೂರ್ವಕ್ಕೆ ಹೊನ್ನಾಳಿ, ಚನ್ನಗಿರಿ ದಾಟಿ ಜಗಳೂರಿನ ಕಡೆ ಸರಿದಂತೆ ಬೋರ್‌ವೆಲ್ ಆಳವಾಗುತ್ತದೆ, ನೀರು ಗಡುಸಾಗುತ್ತದೆ. ಗಡಸು ನೀರನ್ನು ಅಳೆಯಲು ನಮ್ಮ ಹೆಂಗಸರಿಗೆ ಯಾವ ಮೀಟರೂ ಬೇಕಾಗಿರಲಿಲ್ಲ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ, ಬಚ್ಚಲ ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುತ್ತದೆ. "ಸವಳು ನೀರು" ಎಂಬ ಒಂದೇ ಮಾತಿನಲ್ಲಿ ಇಷ್ಟೂ ಬಂತು. ಹಂಡೆಯ ಆ ಹಕ್ಕಳೆಯೇ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಮೀನಿನ ತೊಟ್ಟಿಯ ಭವಿಷ್ಯ ನಿರ್ಧಾರವಾಗುವುದೂ ಅಲ್ಲೇ.

ಗಪ್ಪಿ, ಮೋಲಿ, ಪ್ಲಾಟಿಯಂಥ ಮರಿ ಹಾಕುವ ಮೀನುಗಳಿಗೆ ಈ ಗಡಸು ನೀರು ಹಬ್ಬ. ದಕ್ಷಿಣ ಅಮೆರಿಕದ ಕಾಡುಹೊಳೆಯ ನಿಯಾನ್ ಟೆಟ್ರಾಗಳಿಗೆ ಅದೇ ನೀರು ಶಿಕ್ಷೆ. ಸಾಯದಿದ್ದರೂ ಮೊಟ್ಟೆ ಕಟ್ಟುವುದು ಕಷ್ಟ. ಜಗಳೂರಿನಲ್ಲಿ ಕೂತು ಟೆಟ್ರಾ ಮರಿ ಮಾಡಿಸುತ್ತೇನೆಂದು ಹೊರಡುವುದು, ಆಗುಂಬೆಯಲ್ಲಿ ಶೇಂಗಾ ಬಿತ್ತುತ್ತೇನೆ ಎಂದಂತೆ. ಮನೆಯ ನಲ್ಲಿಯಲ್ಲಿ ಏನು ಬರುತ್ತದೋ ಅದಕ್ಕೆ ಒಗ್ಗುವ ಮೀನನ್ನು ಆರಿಸಿಕೊಂಡವರ ತೊಟ್ಟಿ ಉಳಿಯುತ್ತದೆ. ಮೀನನ್ನು ಆರಿಸಿ ಆಮೇಲೆ ನೀರಿಗೆ ಔಷಧಿ ಬೆರೆಸುತ್ತ ಕೂತವರ ತೊಟ್ಟಿ ವರ್ಷದೊಳಗೆ ಅಟ್ಟ ಸೇರಿ ಬೀಜ ಇಡುವ ಡಬ್ಬಿಯಾಗುತ್ತದೆ. ನಮ್ಮ ಓಣಿಯಲ್ಲೇ ಅಂಥ ಎರಡು ಇವೆ.

ಇದರಲ್ಲೊಂದು ಹೊಸ ಗೊಂದಲ ಸೇರಿಕೊಂಡಿದೆ. ಈಗ ಹಳ್ಳಿಹಳ್ಳಿಗೂ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ನಾವು ಕುಡಿಯುವ ನೀರೇ ಇಷ್ಟು ಶುದ್ಧವಿರುವಾಗ ಮೀನಿಗೂ ಅದನ್ನೇ ಕೊಡೋಣ ಎಂದು ಹಲವರು ಕ್ಯಾನುಗಟ್ಟಲೆ ತಂದು ತೊಟ್ಟಿಗೆ ಸುರಿಯುತ್ತಾರೆ. ಆರ್‌ಒ ಯಂತ್ರ ಕೊಳೆಯ ಜೊತೆಗೆ ಲವಣವನ್ನೂ ಬಹುಪಾಲು ತೆಗೆದಿರುತ್ತದೆ. ಲವಣವೇ ಇಲ್ಲದ ನೀರಿಗೆ ಹಿಡಿತ ಇರುವುದಿಲ್ಲ. ಮೀನಿನ ಕೊಳೆ ಸ್ವಲ್ಪ ಸೇರಿದರೂ ಹುಳಿ ಏರಿ, ಪಿಎಚ್ ದಿಢೀರನೆ ಕುಸಿಯುತ್ತದೆ. ಬಸವನಹುಳದ ಚಿಪ್ಪು ಕರಗಿ ತೂತಾಗುತ್ತದೆ. ಅಪ್ಪಟ ಶುದ್ಧ ನೀರಿನಲ್ಲಿ ಕೆರೆಯ ಮೀನು ಬದುಕುವುದಿಲ್ಲ ಎಂದರೆ ನಮ್ಮ ತಾಯಿಗೆ ಇವತ್ತಿಗೂ ನಂಬಿಕೆಯಿಲ್ಲ. ನಾನು ಮಾಡುವುದು ಇಷ್ಟೇ: ಬೋರ್ ನೀರು ಎರಡು ಪಾಲು, ಹೆಂಚಿನಿಂದ ಇಳಿದ ಮಳೆನೀರು ಒಂದು ಪಾಲು. ಮೊದಲ ಮಳೆಯ ಹೊಲಸು ತೊಳೆದುಹೋದ ಮೇಲಿನ ನೀರು ಮಾತ್ರ. ಪಂಚಾಯಿತಿ ನಲ್ಲಿಯ ನೀರಾದರೆ ಕ್ಲೋರಿನ್ ಹಾರಿಹೋಗಲಿ ಎಂದು ಬಾಯಗಲದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ಬಿಡುತ್ತೇನೆ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಮಣ್ಣು ಕಲ್ಲು ಹೋಗಿ 45 ಉಳಿದೀತು. ನನ್ನ ಮೊದಲ ತೊಟ್ಟಿಗೆ ಇಷ್ಟು ನೀರು ತುಂಬಿದ ದಿನವೇ ಅಂಗಡಿಯಿಂದ ಹನ್ನೆರಡು ಮೀನು ತಂದು ಬಿಟ್ಟೆ. ಮೂರನೆಯ ದಿನ ನೀರು ಹಾಲು ಬೆರೆಸಿದಂತಾಯಿತು. ಐದನೆಯ ದಿನ ಮೀನು ಮೇಲೆ ಬಂದು ಬಾಯಿ ಬಿಡತೊಡಗಿದವು. ನೀರು ಕೊಳೆಯಾಯಿತೆಂದು ಪೂರ್ತಿ ಚೆಲ್ಲಿ, ಕಲ್ಲು ಮರಳನ್ನೆಲ್ಲ ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಹೊಸ ನೀರು ತುಂಬಿದೆ. ಎಂಟನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ತಿಕ್ಕಿ ತೊಳೆದದ್ದೇ ತಪ್ಪು ಎಂದು ತಿಳಿಯಲು ಎರಡು ವರ್ಷ ಬೇಕಾಯಿತು.

ಮೀನು ಕಿವಿರಿನಿಂದಲೇ ಅಮೋನಿಯ ಬಿಡುತ್ತಿರುತ್ತದೆ. ತಿನ್ನದೆ ಉಳಿದ ಮೇವು ಕೊಳೆತರೂ ಅಮೋನಿಯವೇ. ಕೆರೆಯಲ್ಲಿ ಅದನ್ನು ಉಣ್ಣುವ ಬ್ಯಾಕ್ಟೀರಿಯಗಳು ಮಣ್ಣು, ಕಲ್ಲು, ಎಲೆಯ ಮೈಮೇಲೆಲ್ಲ ಇರುತ್ತವೆ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟನ್ನು ಮೀನು ಬಹಳ ಮಟ್ಟಿಗೆ ತಡೆದುಕೊಳ್ಳುತ್ತದೆ, ಗಿಡಕ್ಕಂತೂ ಅದು ಗೊಬ್ಬರ. ಎರಡನೆಯ ಕೆಲಸ ನೈಟ್ರೋಬ್ಯಾಕ್ಟರ್‌ನದೆಂದು ಬಹುಕಾಲ ಪುಸ್ತಕಗಳಲ್ಲಿತ್ತು. ಅಕ್ವೇರಿಯಂಗಳಲ್ಲಿ ಅದನ್ನು ಮಾಡುವುದು ಹೆಚ್ಚಾಗಿ ನೈಟ್ರೋಸ್ಪೈರ ಎಂದು 1998ರಲ್ಲಿ ಗೊತ್ತಾಯಿತು. 2015ರಲ್ಲಿ ಇನ್ನೊಂದು ಅಚ್ಚರಿ: ಅದೇ ಕುಲದ ಕೆಲವು ಜೀವಿಗಳು ಅಮೋನಿಯದಿಂದ ನೈಟ್ರೇಟ್‌ವರೆಗಿನ ಎರಡೂ ಹೆಜ್ಜೆಯನ್ನು ಒಬ್ಬಂಟಿಯಾಗಿ ಮಾಡಬಲ್ಲವು. ಈ ಸೈನ್ಯ ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಾನು ಎಂಟೇ ದಿನದಲ್ಲಿ, ಅದೂ ಬಿಸಿನೀರು ಹೊಯ್ದು, ಇದ್ದಬದ್ದ ನಾಲ್ಕು ಸೈನಿಕರನ್ನೂ ಕೊಂದಿದ್ದೆ. ನಮ್ಮ ಸವಳು ನೀರು ಇಲ್ಲಿ ಇನ್ನೊಂದು ಆಟ ಆಡುತ್ತದೆ. ಪಿಎಚ್ ಒಂದಂಕ ಏರಿದರೆ ಅಮೋನಿಯದ ವಿಷದ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಮಲೆನಾಡಿನ ನೀರಿನಲ್ಲಿ ಮೀನು ಕೆಮ್ಮಿಕೊಂಡು ಬದುಕಿಬಿಡುವ ಪ್ರಮಾಣವೇ ಬಯಲುಸೀಮೆಯಲ್ಲಿ ಜೀವ ತೆಗೆಯುತ್ತದೆ.

ಇದಕ್ಕೆ ದುಬಾರಿ ಫಿಲ್ಟರ್ ಬೇಕೇಬೇಕು ಎಂದೇನಿಲ್ಲ. ಗಿಡ ಸಾಕು. ಗಿಡಗಳು ಅಮೋನಿಯವನ್ನು ನೇರವಾಗಿ ಹೀರುತ್ತವೆ. ಗಿಡ, ಮೀನು ಒಂದನ್ನೊಂದು ಪೊರೆಯುವುದನ್ನು ಮೊದಲು ಕ್ರಮವಾಗಿ ತೋರಿಸಿದವರಲ್ಲಿ ಲಂಡನ್ನಿನ ರಸಾಯನ ಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಬ್ಬ. ಅವನು 1850ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಒಂದು ಗಾಜಿನ ಪಾತ್ರೆ, ಎರಡು ಹೊನ್ನಿನ ಮೀನು, ಕೆಲವು ಬಸವನಹುಳು, ಒಂದು ನೀರುಗಿಡ. ಮೀನು ಬಿಟ್ಟ ಉಸಿರು ಗಿಡಕ್ಕೆ, ಗಿಡ ಬಿಟ್ಟದ್ದು ಮೀನಿಗೆ, ಕೊಳೆತ ಎಲೆ ಹುಳುವಿಗೆ. ಆ ಗಿಡ ವ್ಯಾಲಿಸ್ನೇರಿಯ. ರಿಬ್ಬನ್ನಿನಂತೆ ಉದ್ದುದ್ದ ಎಲೆಯ ಅದೇ ಕುಲದ ಗಿಡ ನಮ್ಮ ಕೆರೆ, ಕಾಲುವೆಗಳಲ್ಲೂ ಇದೆ. ಈಜುವ ಹುಡುಗರ ಕಾಲಿಗೆ ಸುತ್ತಿಕೊಂಡು ಬೈಸಿಕೊಳ್ಳುತ್ತದೆ.

ನೀರುಗಿಡಗಳ ನಡುವೆ ನನ್ನ ಒಲವು ಇದರ ಕಡೆಗೆ, ಕಾರಣ ಅದರ ಮದುವೆ. ಹೆಣ್ಣು ಹೂವು ಸುರುಳಿ ಬಿಚ್ಚಿದ ದಾರದಂಥ ತೊಟ್ಟಿನ ಮೇಲೆ ನೀರಿನ ಮಟ್ಟಕ್ಕೆ ಬಂದು ಕಾಯುತ್ತದೆ. ಗಂಡು ಹೂವು ಬುಡದಲ್ಲಿ ಹುಟ್ಟಿ, ಸಾಸಿವೆಗಿಂತ ಸಣ್ಣದಾಗಿ, ತಾಯಿಗಿಡದಿಂದ ಕಳಚಿಕೊಂಡು ಮೇಲೆ ತೇಲಿ ಬರುತ್ತದೆ. ಗಾಳಿ ತಳ್ಳಿದಲ್ಲಿಗೆ ತೇಲುತ್ತ, ಹೆಣ್ಣು ಹೂವಿನ ಸುತ್ತ ನೀರು ತಗ್ಗಿದ ಗುಳಿಗೆ ಜಾರಿ ಸೇರುತ್ತದೆ. ಕೆಲಸ ಮುಗಿಯಿತು ಎಂದ ಕೂಡಲೇ ಹೆಣ್ಣಿನ ತೊಟ್ಟು ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಕಾಯಿಯನ್ನು ನೀರಿನಡಿಗೆ ಎಳೆದುಕೊಳ್ಳುತ್ತದೆ. ಗಾಳಿಯಾಡದ ಕೋಣೆಯ ತೊಟ್ಟಿಯಲ್ಲಿ ನಾನೊಮ್ಮೆ ಮೆಲ್ಲಗೆ ಉಸಿರು ಊದಿ ಆ ಹೂವುಗಳನ್ನು ದಡ ಸೇರಿಸಿದ್ದೇನೆ. ಮನೆಯವರು ಅದನ್ನು ಯಾರಿಗೂ ಹೇಳಬೇಡಿ ಎಂದಿದ್ದರು.

ಮಣ್ಣಿನ ವಿಷಯ. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಬರೆದ ಪುಸ್ತಕದಿಂದ ಹಿತ್ತಲ ಮಣ್ಣಿನ ತೊಟ್ಟಿಗಳು ಲೋಕದ ತುಂಬ ಹರಡಿದವು: ಕೆಳಗೆ ಒಂದಂಗುಲ ಮಣ್ಣು, ಮೇಲೆ ಒಂದಂಗುಲ ಮರಳು, ಒತ್ತಾಗಿ ಗಿಡ, ಕಡಿಮೆ ಮೀನು. ಜಪಾನಿನ ತಕಾಶಿ ಅಮಾನೋನ ದಾರಿ ಬೇರೆ. 1982ರಲ್ಲಿ ಅವನು ಶುರುಮಾಡಿದ ಕಂಪನಿಯ ಹೆಸರಿನಲ್ಲಿ ಬಂದ ತೊಟ್ಟಿಗಳಲ್ಲಿ ಬೆಟ್ಟ, ಕಣಿವೆ, ಹುಲ್ಲುಗಾವಲು ಎಲ್ಲ ನೀರಿನೊಳಗೆ. ಇಂಗಾಲದ ಡೈಆಕ್ಸೈಡಿನ ಸಿಲಿಂಡರ್, ಬೆಳಕು, ದಿನವೂ ಕತ್ತರಿ. ಚೆಂದ, ಆದರೆ ಅದು ತೋಟಗಾರಿಕೆಗಿಂತ ಹೆಚ್ಚಾಗಿ ಕ್ಷೌರ. ಕೆರೆಗೋಡು ಹೊಡೆದು ಗದ್ದೆ ಮಾಡಿದ ನಮಗೆ ವಾಲ್‌ಸ್ಟಡ್ ದಾರಿ ಹೇಳದೆಯೇ ಅರ್ಥವಾಗುತ್ತದೆ. ಹಾಗೆಂದು ಕೆರೆಗೋಡನ್ನೇ ತಂದು ತುಂಬಬೇಡಿ. ಅದರಲ್ಲಿ ಗದ್ದೆಯ ಕಳೆನಾಶಕ ಇಳಿದಿರಬಹುದು. ಸತ್ತ ಎಲೆ ಹೆಚ್ಚಿದ್ದರೆ ಒಳಗೇ ಕೊಳೆತು ಮೊಟ್ಟೆ ನಾತದ ಗುಳ್ಳೆ ಏಳುತ್ತದೆ. ಗೊಬ್ಬರ ಮುಟ್ಟಿಸದ ಕೆಮ್ಮಣ್ಣನ್ನು ಜರಡಿ ಹಿಡಿದು, ನೆನೆಸಿ, ಒಣಗಿಸಿ ಹಾಕಿದರೆ ಸಾಕು.

ಗಿಡಕ್ಕೆ ಅಂಗಡಿಗೆ ಹೋಗುವ ಮುಂಚೆ ಗದ್ದೆಯ ಬದುವಿಗೆ ಹೋಗಿ. ಭತ್ತದ ಸಾಲಿನ ನಡುವೆ ಕೆಂಪು ಕಾಂಡದ ಪುಟ್ಟ ಗಿಡವೊಂದನ್ನು ಕಳೆಯೆಂದು ಕಿತ್ತೆಸೆಯುತ್ತೇವಲ್ಲ, ಅದು ರೋಟಾಲ ಕುಲದ್ದು. ಅದೇ ಕುಲದ ರೋಟಾಲ ಮ್ಯಾಕ್ರಾಂಡ್ರ, ನಮ್ಮ ದಕ್ಷಿಣ ಭಾರತದ್ದೇ ಗಿಡ, ಇಂದು ಟಿಶ್ಯೂ ಕಲ್ಚರ್ ಕಪ್ಪಿನಲ್ಲಿ ಕೂತು ನೂರಾರು ರೂಪಾಯಿಗೆ ಮಾರಾಟವಾಗುತ್ತದೆ. ಲಿಮ್ನೋಫಿಲ, ನೀರುಬ್ರಾಹ್ಮಿ, ಹೈಡ್ರಿಲ, ಎಲ್ಲವೂ ಸುತ್ತಲಲ್ಲೇ. ಕೆರೆಯಿಂದ ತಂದ ಗಿಡವನ್ನು ಒಂದು ವಾರ ಬೇರೆ ಬಕೆಟ್ಟಿನಲ್ಲಿ ಇಡಬೇಕು. ಹೆಲಿಕಾಪ್ಟರ್ ಚಿಟ್ಟೆಯ ಮರಿ ಎಲೆಗೆ ಅಂಟಿಕೊಂಡು ಬರುತ್ತದೆ. ಮಡಚಿಟ್ಟ ಕೈಯಂಥ ಕೆಳದುಟಿಯನ್ನು ಚಾಚಿ ಮೀನುಮರಿಯನ್ನು ಹಿಡಿಯುವ ಆ ಹುಳು ನನ್ನ ಮೂವತ್ತು ಮರಿಗಳನ್ನು ಹದಿನೈದು ದಿನದಲ್ಲಿ ಎರಡಕ್ಕೆ ಇಳಿಸಿತ್ತು.

ಬೆಳಕು ದಿನಕ್ಕೆ ಆರೇಳು ಗಂಟೆ. ಕಿಟಕಿಯ ಬಿಸಿಲು ಬೇಡ, ಪಾಚಿ ಗೆಲ್ಲುತ್ತದೆ. ಒಂದು ಮಾತು ಮರೆಯಬಾರದು: ಹಗಲು ಆಮ್ಲಜನಕ ಕೊಡುವ ಗಿಡವೇ ರಾತ್ರಿ ಅದನ್ನು ಉಸಿರಾಡುತ್ತದೆ. ಮೋಡ ಕವಿದ ದಿನಗಳಾದ ಮೇಲೆ ಬೆಳಗಿನ ಜಾವ ಕೆರೆಯ ಮೀನು ರಾಶಿರಾಶಿಯಾಗಿ ಬಾಯಿ ಬಿಡುವುದನ್ನು ಮೀನುಗಾರರು ನೋಡಿರುತ್ತಾರೆ. ಅದೇ ಇದು. ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿದಿಡುವ ಶಕ್ತಿ ಇಳಿಯುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಕರಗುವುದು 30 ಡಿಗ್ರಿಯಲ್ಲಿ ಏಳೂವರೆಗೆ ಬರುತ್ತದೆ. ಏಪ್ರಿಲ್ ರಾತ್ರಿ ಕರೆಂಟ್ ಹೋದರೆ ನಾನು ಎದ್ದು ಚೊಂಬಿನಲ್ಲಿ ನೀರನ್ನು ಮೇಲಿಂದ ಸುರಿಯುತ್ತ ಕೂರುವುದು ಇದಕ್ಕೇ.

ಮೀನಿಗೆ ಏನು ಹಾಕಬೇಕು ಎಂಬ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಬಹಳ ಹಿಂದೆಯೇ ಉತ್ತರ ಬರೆದಿಟ್ಟ ದೊರೆಯೊಬ್ಬನಿದ್ದಾನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ, 12ನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವನ್ನೇ ಇಟ್ಟಿದ್ದಾನೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನು, ಹೊಳೆಯದ್ದು ಯಾವುದು, ಕಡಲಿನದು ಯಾವುದು, ಹುರುಪೆ ಇರುವುದು ಯಾವುದು, ಯಾವುದಕ್ಕೆ ಯಾವ ಹಿಟ್ಟಿನ ಉಂಡೆ. ಗಾಳ ಹಾಕುವ ಮೊದಲು ಮೀನನ್ನು ಪಳಗಿಸುವುದಕ್ಕೆ ಅವನು ಅದನ್ನು ಬರೆದದ್ದು. ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅದೇ ಚಾಲುಕ್ಯರ ಕಾಲದಲ್ಲಿ ಮೆರೆದ ಊರು.

ಪುಟ್ಟ ಮೀನುಗಳ ಹೆಸರಿನ ಕಥೆಯೂ ಈ ದಾರಿಯಲ್ಲೇ ಹಾಯುತ್ತದೆ. 1800–01ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್‌ಲೆಂಡಿನ ವೈದ್ಯ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ, ಬಿದನೂರು, ಹರಿಹರದ ಸೀಮೆ ದಾಟಿ, ಯಾವ ಊರಲ್ಲಿ ಏನು ಬೆಳೆಯುತ್ತಾರೆ, ಎಷ್ಟು ಕಂದಾಯ ಎಂದೆಲ್ಲ ಬರೆದುಕೊಂಡು ಹೋದ. ಅವನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಸೇರಿಸಿಕೊಂಡು 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ಪುಸ್ತಕ ತಂದ. ಇಂದು ಪ್ರತಿ ಅಕ್ವೇರಿಯಂ ಅಂಗಡಿಯಲ್ಲೂ, ಲೋಕದ ನೂರಾರು ಪ್ರಯೋಗಾಲಯಗಳಲ್ಲೂ ಇರುವ ನೀಲಿ ಪಟ್ಟೆಯ ಝೀಬ್ರಾ ಮೀನಿಗೆ ಮೊದಲು ವೈಜ್ಞಾನಿಕ ಹೆಸರು ಬಂದದ್ದು ಆ ಪುಸ್ತಕದಲ್ಲಿ. ಅವನಿಗೆ ಮೀನಿನ ಚಿತ್ರ ಬರೆದುಕೊಟ್ಟವನು ಹಲುದಾರ್ ಎಂಬ ಬಂಗಾಳಿ ತರುಣ. ಪುಸ್ತಕ ಬಂದು ಸುಮಾರು ಇನ್ನೂರು ವರ್ಷದ ಮೇಲೆ, 2013ರಲ್ಲಿ, ಪಶ್ಚಿಮ ಘಟ್ಟದ ಹಳ್ಳಗಳ ಕಪ್ಪು ಪಟ್ಟೆಯ ಚೆಂದದ ಮೀನಿನ ಕುಲಕ್ಕೆ ಹಲುದಾರಿಯ ಎಂದು ಹೆಸರಿಟ್ಟರು. ಆಗುಂಬೆ ಸೀಮೆಯ ಸೀತಾನದಿಯ ಮೇಲ್ಭಾಗದಲ್ಲಿ ಸಿಕ್ಕಿ 2010ರಲ್ಲಿ ಪ್ರಕಟವಾದ ಇನ್ನೊಂದು ಪುಟ್ಟ ಮೀನಿನ ಕುಲದ ಹೆಸರು ಬೆಟಡೆವಾರಿಯೊ. ಅದರ ಮೊದಲ ತುಂಡು ನಮ್ಮ 'ಬೆಟ್ಟ'ವೇ. ಎರಡು ಶತಮಾನ ವಿಜ್ಞಾನಿಗಳು ಓಡಾಡಿದ ಘಟ್ಟದಲ್ಲಿ 2010ರಷ್ಟು ಈಚೆಗೆ ಒಂದು ಹೊಸ ಕುಲ ಸಿಗುತ್ತದೆ ಎಂದರೆ, ಬಲೆಯಿಂದ ಕೊಡವಿ ಎಸೆಯುವ ಮೀನನ್ನು ಎರಡು ಸಲ ನೋಡುವುದು ತಪ್ಪಲ್ಲ. ಅಪರೂಪದ ಘಟ್ಟದ ಮೀನನ್ನು ಮನೆಗೆ ತರಬೇಡಿ. ಅವು ತಣ್ಣನೆ ಹರಿವ ನೀರಿನವು, ಅಲ್ಲೇ ಇರಲಿ. ಕೆರೆಯ ಸಸಲು ನಮಗೆ ಧಾರಾಳ.

ಇನ್ನು ಮರಿ ಮಾಡಿಸುವುದು. ಅಸಲಿಗೆ ಇದೊಂದಕ್ಕಾಗಿಯೇ ನಾನು ತೊಟ್ಟಿ ಇಟ್ಟಿರುವುದು.

ಗಪ್ಪಿಗೆ ನಮ್ಮ ನೆರವೇ ಬೇಡ. ತಾಯಿ ಸುಮಾರು ನಾಲ್ಕು ವಾರಕ್ಕೊಮ್ಮೆ ಈಜುವ ಮರಿಗಳನ್ನೇ ಹಾಕುತ್ತದೆ. ಒಮ್ಮೆ ಗಂಡಿನೊಡನೆ ಕೂಡಿದರೆ ಅದರ ಬೀಜವನ್ನು ಒಳಗೆ ಉಳಿಸಿಕೊಂಡು ತಿಂಗಳುಗಟ್ಟಲೆ ಹೆರುತ್ತದೆ. ಹೆತ್ತ ಮರಿಯನ್ನು ಹಸಿವಾದರೆ ತಿನ್ನುತ್ತದೆ ಎಂಬುದೊಂದೇ ತೊಡಕು. ತೇಲುವ ಹೈಡ್ರಿಲ ದಟ್ಟವಾಗಿದ್ದರೆ ಅರ್ಧ ಉಳಿಯುತ್ತವೆ. ಉಳಿದರೆ ಮುಗಿಯಿತು, ಆರು ತಿಂಗಳಲ್ಲಿ ನೆಂಟರೆಲ್ಲರಿಗೂ ಬಾಟಲಿಯಲ್ಲಿ ಹಂಚಿ, ಕೊನೆಗೆ ಅವರು ನಿಮ್ಮನ್ನು ಕಂಡರೆ ಓಣಿ ಬದಲಿಸುತ್ತಾರೆ.

ಝೀಬ್ರಾ ಮತ್ತು ಸಸಲುಗಳದು ಬೇರೆ ಲೆಕ್ಕ. ಅವು ಮೊಟ್ಟೆ ಚೆಲ್ಲುತ್ತವೆ, ತಿರುಗಿ ನೋಡಿ ತಿಂದುಬಿಡುತ್ತವೆ. ಇದಕ್ಕೆ ಇಡೀ ಲೋಕ ಬಳಸುವ ಉಪಾಯ ನಮ್ಮ ಹುಡುಗರ ಜೇಬಿನಲ್ಲಿದೆ: ಗೋಲಿ. ಒಂದು ಸಣ್ಣ ತೊಟ್ಟಿಯ ತಳಕ್ಕೆ ಎರಡು ಪದರ ಗೋಲಿ ಹರಡಿ, ಅದರ ಮೇಲೆ ಅರ್ಧ ಅಡಿ ನೀರು. ಸಂಜೆ ಒಂದು ತುಂಬಿದ ಹೆಣ್ಣು, ಎರಡು ಗಂಡು ಬಿಟ್ಟು ಮೇಲೆ ಕಪ್ಪು ಬಟ್ಟೆ ಹೊದಿಸಿ. ಬೆಳಿಗ್ಗೆ ಬಟ್ಟೆ ತೆಗೆದು ಬೆಳಕು ಬಿದ್ದ ಹೊತ್ತಿಗೆ ಅಟ್ಟಾಟ ಶುರು. ಮೊಟ್ಟೆ ಗೋಲಿಗಳ ಸಂದಿಗೆ ಜಾರಿಬೀಳುತ್ತದೆ, ಬಾಯಿಗೆ ಸಿಗುವುದಿಲ್ಲ. ಮಧ್ಯಾಹ್ನ ತಂದೆತಾಯಿಯನ್ನು ತೆಗೆಯಿರಿ. ಭೂತಗನ್ನಡಿ ಇದ್ದರೆ ಆ ಪಾರದರ್ಶಕ ಮೊಟ್ಟೆಯೊಳಗೆ ಮರುದಿನವೇ ಎದೆ ಬಡಿಯುವುದು, ಬಾಲ ಮಿಡಿಯುವುದು ಕಾಣುತ್ತದೆ. ಪ್ರಯೋಗಾಲಯಗಳಿಗೆ ಈ ಮೀನು ಬೇಕಾದದ್ದು ಈ ಗಾಜಿನಂಥ ಮೊಟ್ಟೆಗಾಗಿಯೇ. ಅಮೆರಿಕದ ಆರೆಗನ್‌ನಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಶುರುಮಾಡಿದ ಆ ಕೆಲಸ ಬೆಳೆದು, 2013ರ ಹೊತ್ತಿಗೆ ಈ ಮೀನಿನ ಇಡೀ ಜೀನೋಮ್ ಓದಿ ಪ್ರಕಟಿಸಿದ್ದರು. ಎರಡು ಮೂರು ದಿನಕ್ಕೆ ಮೊಟ್ಟೆ ಒಡೆದು, ಗಾಜಿಗೆ ಅಂಟಿದ ಕಣ್ರೆಪ್ಪೆಯಂತೆ ಮರಿಗಳು ಕಾಣುತ್ತವೆ. ಹೊಟ್ಟೆಯ ಹಳದಿ ಚೀಲ ಕರಗಿ ಈಜತೊಡಗಿದ ದಿನವೇ ನಿಜವಾದ ಕಷ್ಟದ ದಿನ.

ಆ ಬಾಯಿಗೆ ಹಿಡಿಯುವ ಮೇವು ಅಂಗಡಿಯ ಡಬ್ಬಿಯಲ್ಲಿ ಸಿಗುವುದು ಕಡಿಮೆ. ಹೊನ್ನಾಳಿ ಕಡೆಯ ಭತ್ತದ ಹುಲ್ಲಿದ್ದರೆ ಸಾಕು. ಒಂದು ಹಿಡಿ ಒಣಹುಲ್ಲನ್ನು ಕತ್ತರಿಸಿ ಕುದಿಸಿ, ಆರಿಸಿ, ಅದಕ್ಕೆ ಹಳೆಯ ತೊಟ್ಟಿಯ ಒಂದು ಲೋಟ ನೀರು ಬೆರೆಸಿ ನೆರಳಲ್ಲಿಡಿ. ಮೊದಲು ನೀರು ಮಬ್ಬಾಗಿ ನಾರುತ್ತದೆ, ಅದು ಬ್ಯಾಕ್ಟೀರಿಯ. ನಾಲ್ಕೈದು ದಿನದ ಮೇಲೆ ತಿಳಿಯಾಗಿ, ಬೆಳಕಿಗೆ ಹಿಡಿದರೆ ಧೂಳಿನಂಥದ್ದು ತಾನೇ ಓಡಾಡುತ್ತಿರುತ್ತದೆ. ಬ್ಯಾಕ್ಟೀರಿಯವನ್ನು ತಿಂದು ಹೆಚ್ಚಿದ ಏಕಕೋಶಿಗಳು. ಇದೇ ಇನ್‌ಫ್ಯೂಸೋರಿಯ. ಮಬ್ಬಿದ್ದಾಗ ಹಾಕಿದರೆ ಮರಿ ಸಾಯುತ್ತವೆ, ತಿಳಿಯಾದ ಮೇಲೆ ಹನಿಹನಿ ಹಾಕಿದರೆ ಬೆಳೆಯುತ್ತವೆ. ವಾರ ಕಳೆದರೆ ಆರ್ಟೀಮಿಯ: ಲೀಟರ್ ನೀರಿಗೆ 25–30 ಗ್ರಾಂ ಉಪ್ಪು, ಗಾಳಿ ಗುಳ್ಳೆ, ಒಂದು ದಿನ, ಕಿತ್ತಳೆ ಬಣ್ಣದ ಜೀವಂತ ಚುಕ್ಕೆಗಳು ಸಿದ್ಧ. ಬೆಂದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕುವ ಹಳೆಯ ರೂಢಿಯೂ ಇದೆ. ಒಂದು ಹನಿ ಹೆಚ್ಚಾದರೆ ನೀರು ಕೆಡುತ್ತದೆ, ನನಗೆ ಅದು ಒಗ್ಗಿಲ್ಲ.

ಬೆಳ್ಳಿ ಚುಕ್ಕೆಯ ಪಂಚಾಕ್ಸ್ ನನ್ನ ಪಾಲಿಗೆ ರಾಜ. ದಿನವೂ ಒಂದೆರಡು ಮೊಟ್ಟೆಯನ್ನು ತೇಲುಗಿಡದ ಬೇರಿಗೆ ಅಂಟಿಸುತ್ತದೆ. ಅಂಗಡಿಯ ನೈಲಾನ್ ದಾರದ ಜುಂಗನ್ನು ಕಟ್ಟಿ ತೇಲಿಬಿಟ್ಟರೂ ಬೇರೆಂದೇ ನಂಬುತ್ತದೆ. ಮೊಟ್ಟೆಯ ಸಿಪ್ಪೆ ಎಷ್ಟು ಗಟ್ಟಿಯೆಂದರೆ ಬೆರಳಲ್ಲಿ ಹಿಡಿದು ಬೇರೆ ಬಟ್ಟಲಿಗೆ ಹಾಕಬಹುದು. ಎರಡು ವಾರಕ್ಕೆ ಒಡೆಯುತ್ತದೆ. ಅಷ್ಟು ಹೊತ್ತಿಗೆ ಮರಿ ಒಳಗೇ ಬೆಳೆದು ದೊಡ್ಡ ಬಾಯಿಯೊಡನೆ ಬರುವುದರಿಂದ ನೇರ ಆರ್ಟೀಮಿಯ ತಿನ್ನುತ್ತದೆ. ಆ ಎರಡು ಕಪ್ಪು ಕಣ್ಣು ಮೊಟ್ಟೆಯೊಳಗಿನಿಂದ ನಮ್ಮನ್ನೇ ತಿರುಗಿ ನೋಡುವ ಹನ್ನೊಂದನೆಯ ದಿನ, ಕೆಲಸಕ್ಕೆ ತಡವಾಗಿ ಹೋದರೂ ಚಿಂತೆಯಿಲ್ಲ.

ಈ ಮೀನು ಸೊಳ್ಳೆಮರಿಯನ್ನು ಚೆನ್ನಾಗಿ ತಿನ್ನುತ್ತದೆ. ಹಾಗಿದ್ದೂ ಸರ್ಕಾರಗಳು ನೆಚ್ಚಿಕೊಂಡದ್ದು ಹೊರಗಿನ ಗಪ್ಪಿಯನ್ನು ಮತ್ತು 1928ರಲ್ಲಿ ಇಟಲಿಯಿಂದ ಬಂದ ಗ್ಯಾಂಬೂಸಿಯವನ್ನು. ಅದರಿಂದ ಲಾಭವಾಗಿಲ್ಲ ಎನ್ನುವಂತಿಲ್ಲ. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ಮಲೇರಿಯ ಸಂಶೋಧಕರು ಬಾವಿಗಳಿಗೆ ಲಾರ್ವಾಹಾರಿ ಮೀನು ಬಿಟ್ಟು ರೋಗವನ್ನು ಗಣನೀಯವಾಗಿ ತಗ್ಗಿಸಿದ್ದನ್ನು ದಾಖಲಿಸಿದ್ದಾರೆ. ಮುಚ್ಚಿದ ಬಾವಿ, ಸಿಮೆಂಟ್ ತೊಟ್ಟಿಗೆ ಅದು ಸರಿ. ಕೆರೆಗೆ ಬಿಟ್ಟರೆ ಗ್ಯಾಂಬೂಸಿಯ ಬೇರೆ ಮೀನಿನ ಮೊಟ್ಟೆ, ಮರಿ, ಕಪ್ಪೆಯ ಗೊದಮೊಟ್ಟೆ ಯಾವುದನ್ನೂ ಬಿಡುವುದಿಲ್ಲ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದಕ್ಕೊಂದು ಜಾಗವಿದೆ. ಗಾಜು ನೆಕ್ಕುತ್ತದೆಂದು ಮಾರುವ ಸಕ್ಕರ್ ಮೀನು ಅಡಿಯುದ್ದ ಬೆಳೆದು ಬೇಸರವಾದಾಗ "ಪಾಪ, ಬದುಕಲಿ" ಎಂದು ಕೆರೆಗೆ ಬಿಡುವವರಿದ್ದಾರೆ. ಅದು ಬದುಕುತ್ತದೆ, ಸಾಯುವುದು ಉಳಿದವು. ಮೈಯ ಮುಳ್ಳುಚಿಪ್ಪಿನಿಂದ ಬಲೆಯನ್ನೂ ಹರಿಯುತ್ತದೆ. ನಮ್ಮ ಸಾಧು ಹೈಡ್ರಿಲವೇ 1950ರ ದಶಕದಲ್ಲಿ ಅಕ್ವೇರಿಯಂ ಗಿಡವಾಗಿ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ ಅಲ್ಲಿಯ ಕೆರೆಕಾಲುವೆಗಳನ್ನು ಕಟ್ಟಿಹಾಕಿದೆ. ಸೂಳೆಕೆರೆಯಂಥ ಕೆರೆಗೆ ಅಂಥದ್ದೊಂದು ಸೇರಿದರೆ ತೆಗೆಯುವವರು ಯಾರು? ಬೇಡವಾದ ಮೀನನ್ನು ಅಂಗಡಿಗೆ ವಾಪಸ್ ಕೊಡಿ, ಪರಿಚಿತರಿಗೆ ಕೊಡಿ.

ಇದರಲ್ಲಿ ದುಡ್ಡಿದೆಯೇ ಎಂದು ಕೇಳುವವರಿಗೆ: 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿಯ ವೆಚ್ಚ ಹಾಕಿ, ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ ಇಟ್ಟಿದ್ದರು. ಚೆನ್ನೈನ ಕೊಳತ್ತೂರು ಇದರ ಮೇಲೆಯೇ ಬದುಕುವ ಊರು. ಅಲ್ಲಿಯ ಅಗ್ಗದ ಮೀನಿನ ಎದುರು ನಮ್ಮ ಹಿತ್ತಲ ಗಪ್ಪಿ ನಿಲ್ಲುವುದು ಕಷ್ಟ. ಸೂಜಿಯಲ್ಲಿ ಬಣ್ಣ ಚುಚ್ಚಿ ಮಾರುವ ಗಾಜುಮೀನಿನ ವ್ಯಾಪಾರಕ್ಕಂತೂ ಯಾರೂ ಇಳಿಯಬಾರದು. ಬಣ್ಣವಿಲ್ಲದ್ದೇ ಅದರ ಚೆಲುವು. ನೀರುಗಿಡ ಬೆಳೆಸಿ ಮಾರುವುದಾದರೆ, ಗದ್ದೆ ಇದ್ದವರಿಗೆ ದಾರಿ ಇದ್ದೀತು.

ನಾನು ಅಂದು ಬಕೆಟ್ಟಿನಲ್ಲಿ ತಂದ ಸಸಲುಗಳು ಏಳು ತಿಂಗಳಾದರೂ ಮೊಟ್ಟೆ ಇಡಲಿಲ್ಲ. ಗೋಲಿ ಹಾಸಿದೆ, ಕಪ್ಪು ಬಟ್ಟೆ ಹೊದಿಸಿದೆ, ಎರೆಹುಳು ಕೊಚ್ಚಿ ಕೊಟ್ಟೆ. ಹೆಣ್ಣಿನ ಹೊಟ್ಟೆ ತುಂಬುತ್ತಿತ್ತು, ಹಾಗೇ ಇಳಿಯುತ್ತಿತ್ತು. ಮೃಗಶಿರ ಮಳೆ ಹಿಡಿದ ವಾರ, ಊರಿನ ಹುಡುಗರು ಹತ್ತುಮೀನು ಹಿಡಿಯಲು ಕೂಣಿ ಹೊತ್ತು ಹಳ್ಳದ ಕಡೆ ಓಡುವುದು ಕಂಡಾಗ ಹೊಳೆಯಿತು. ಹೊಸ ನೀರು ಬಂದ ರಾತ್ರಿ ಮೀನು ಎದುರೇರಿ ಹತ್ತುವುದು ಮೊಟ್ಟೆ ಇಡಲಿಕ್ಕೆ. ಅವಕ್ಕೆ ಪಂಚಾಂಗ ಕೋಣೆಯೊಳಗೆ ಹೇಗೆ ಗೊತ್ತಾಗಬೇಕು? ಅಂಗಳದ ಹಂಡೆಯಲ್ಲಿ ತುಂಬಿದ್ದ ಮಳೆನೀರು ತೊಟ್ಟಿಗಿಂತ ಮೂರ್ನಾಲ್ಕು ಡಿಗ್ರಿ ತಣ್ಣಗಿತ್ತು. ಕಾಲುಭಾಗ ಹಳೆಯ ನೀರು ತೆಗೆದು, ಸಾಣಿಗೆಯಲ್ಲಿ ಹನಿಹನಿಯಾಗಿ ಬೀಳುವಂತೆ ಅದನ್ನು ಸುರಿದೆ. ಹೊರಗೂ ಮಳೆ, ಒಳಗೂ ಮಳೆ. ಮನೆಯವರು ಸಾಣಿಗೆ ಹುಡುಕುತ್ತಿದ್ದರು, ರೊಟ್ಟಿಗೆ ಹಿಟ್ಟು ಸಾಣಿಸಬೇಕಿತ್ತು.

ಬೆಳಿಗ್ಗೆ ಆರಕ್ಕೆ ಬಟ್ಟೆ ಸರಿಸಿದಾಗ ಎರಡು ಗಂಡುಗಳು ಪಕ್ಕೆಗೆ ಕೆಂಪೇರಿಸಿಕೊಂಡು ಹೆಣ್ಣನ್ನು ಗಿಡದ ಸಂದಿಗೆ ಒತ್ತರಿಸುತ್ತಿದ್ದವು. ಗೋಲಿಗಳ ನಡುವೆ ಟಾರ್ಚ್ ಬಿಟ್ಟು ಎಣಿಸತೊಡಗಿದೆ. ನಲವತ್ತರವರೆಗೆ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು.